ಕಲ್ಲಿನ ನಾಡಿನಲ್ಲಿ ಮನೆ ಕಟ್ಟುವ ವಿದ್ಯೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಗೃಹಸ್ಥರು ಕನ್ನಡನಾಡಿನಲ್ಲಿ ಇರಲಾರರು. ಇವೆರಡರಲ್ಲಿ ಮದುವೆಯ ಕಾರ್ಯಕ್ಕೆ ನಾವು ಹತ್ತು ಮಂದಿ ಹಿರಿಯರನ್ನು ಕೇಳುತ್ತೇವೆ, ಊರೂರು ತಿರುಗುತ್ತೇವೆ, ಮನೆತನದ ಹಿಂದುಮುಂದನ್ನು ವಿಚಾರಿಸುತ್ತೇವೆ. ಮನೆಯ ಕಾರ್ಯಕ್ಕಾದರೋ ಗೌಂಡಿಯೊಬ್ಬನನ್ನು ಕರೆದು, ನೆರೆಯವರ ಮನೆಯನ್ನು ತೋರಿಸಿ, ಇಂತಹುದೇ ಒಂದು ಆಗಲಿ ಎಂದು ಹೇಳಿ ಸುಮ್ಮನಾಗುತ್ತೇವೆ. ಜನ್ಮವೆಲ್ಲ ದುಡಿದು ಕೂಡಿಟ್ಟ ಹಣವನ್ನು ಸುರಿದು ಕಟ್ಟಿಸಿದ ಆ ಮನೆಯಲ್ಲಿ ಬೇಸಗೆಯ ಮಧ್ಯಾಹ್ನ ಮಕ್ಕಳು ಮಲಗಲಾರದೆ ಹೊರಳಾಡುವಾಗ, ಇದು ನಮ್ಮ ಕಡೆಯ ಬಿಸಿಲಿನ ಗುಣವೆಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಅದು ಬಿಸಿಲಿನ ಗುಣವೂ ಅಹುದು, ಮನೆಯ ಗುಣವೂ ಅಹುದು. ಈ ಎರಡನೆಯದನ್ನು ತಿಳಿಸಿಕೊಡುವ ವಿದ್ಯೆಗೆ ವಾಸ್ತುಶಿಲ್ಪವೆಂದು ಹೆಸರು.

ಈಚೆಗೆ ಪದವಿಪೂರ್ವ ತರಗತಿಯನ್ನು ಮುಗಿಸಿದ ಮಕ್ಕಳಲ್ಲಿ ಕೆಲವರು ಈ ವಿದ್ಯೆಯನ್ನು ಕಲಿಯುವೆವೆಂದು ಹೊರಡುವುದುಂಟು. ಆಗ ಮನೆಯವರಿಗೆ ಗೊಂದಲವುಂಟಾಗುತ್ತದೆ. ಇದು ಎಂಜಿನಿಯರಿಂಗೇ? ಚಿತ್ರಕಲೆಯೇ? ಬಾಗಿಲು ಯಾವ ದಿಕ್ಕಿಗಿರಬೇಕೆಂದು ಹೇಳುವ ವಾಸ್ತುಜ್ಯೋತಿಷವೇ? ಐದು ವರ್ಷ ಓದಿಸಿದರೆ ಹೊಟ್ಟೆ ತುಂಬೀತೇ? ಕಾಳಗಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯ ವಾಚಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಶ್ನೆಗಳಿಗೆ ನಮಗೆ ತಿಳಿದಷ್ಟನ್ನು ಇಲ್ಲಿ ಅರಿಕೆ ಮಾಡುವೆವು. ಆ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಕಟ್ಟಡದ ಸಾಮಗ್ರಿಯು ಕಾಲಡಿಯಲ್ಲಿಯೇ ಹಾಸಿಕೊಂಡು ಬಿದ್ದಿರುವ ಇಂತಹ ಸೀಮೆಗಳು ನಾಡಿನಲ್ಲಿ ಹೆಚ್ಚಾಗಿಲ್ಲ.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳೋಣ. ಸಿವಿಲ್ ಎಂಜಿನಿಯರು ಕಟ್ಟಡವು ಬೀಳದಂತೆ ಲೆಕ್ಕ ಹಾಕುವವನು. ವಾಸ್ತುಶಿಲ್ಪಿಯು ಆ ಕಟ್ಟಡವು ಯಾರಿಗಾಗಿ, ಯಾವ ಉಪಯೋಗಕ್ಕಾಗಿ, ಯಾವ ಗಾಳಿ ಬೆಳಕುಗಳ ನಡುವೆ ನಿಲ್ಲಬೇಕೆಂಬುದನ್ನು ಆಲೋಚಿಸಿ ಅದಕ್ಕೆ ರೂಪವನ್ನು ಕೊಡುವವನು. ಒಬ್ಬನಿಗೆ ಇನ್ನೊಬ್ಬನ ಶಾಸ್ತ್ರ ಸ್ವಲ್ಪವಾದರೂ ತಿಳಿದಿರಲೇಬೇಕು. ಆದರೂ ಕೆಲಸಗಳು ಬೇರೆ ಬೇರೆ. ಇನ್ನು ದಿಕ್ಕುಗಳ ಶುಭಾಶುಭವನ್ನು ಹೇಳುವ ವಾಸ್ತುವಿಗೂ ಕಾಲೇಜಿನ ಈ ವಿದ್ಯೆಗೂ ಹೆಸರಿನಲ್ಲಿ ಮಾತ್ರ ನಂಟು. ಕಾಲೇಜಿನಲ್ಲಿಯೂ ದಿಕ್ಕನ್ನು ಕಲಿಸುತ್ತಾರೆ; ಅಲ್ಲಿ ದಿಕ್ಕೆಂದರೆ ಸೂರ್ಯನ ದಾರಿ ಮತ್ತು ಗಾಳಿಯ ದಾರಿ, ಅಷ್ಟೆ.

ಕಾಗಿಣಾ ನದಿಯ ಎರಡೂ ದಂಡೆಗಳ ಈ ಪ್ರದೇಶದಲ್ಲಿ ನೆಲವನ್ನು ಅಗೆದರೆ ಸುಣ್ಣದ ಕಲ್ಲು ದೊರೆಯುತ್ತದೆ. ಪುಸ್ತಕದ ಹಾಳೆಗಳಂತೆ ಪದರುಪದರಾಗಿ ಕೂಡಿರುವ ಈ ಕಲ್ಲನ್ನು ಉಳಿಯಿಂದಲೂ ಹಾರೆಯಿಂದಲೂ ಎಬ್ಬಿಸಿದರೆ ಸಮವಾದ ಚಪ್ಪಡಿಗಳಾಗಿ ಏಳುತ್ತದೆ. ಶಹಾಬಾದ ಕಲ್ಲೆಂದು ದೇಶದಲ್ಲೆಲ್ಲ ಹೆಸರಾಗಿರುವ ಹಾಸುಗಲ್ಲು ಇದೇ. ನಮ್ಮ ಅಡುಗೆಮನೆಯ ನೆಲ, ಬಚ್ಚಲಿನ ಹಾಸು, ಎಷ್ಟೋ ಹಳ್ಳಿಗಳಲ್ಲಿ ಗೋಡೆ ಮತ್ತು ಮಾಳಿಗೆ ಕೂಡ ಇದರಿಂದಲೇ ಆದುವು. ಇದೇ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಗಾರೆಯ ಸುಣ್ಣ. ಜೇಡಿಯಂಶವುಳ್ಳ ಮಣ್ಣಿನೊಡನೆ ಬೆರೆಸಿ ಸುಮಾರು ೧೪೫೦ ಅಂಶ ಉಷ್ಣದಲ್ಲಿ ಬೇಯಿಸಿ ಪುಡಿಮಾಡಿದರೆ ಸಿಮೆಂಟು. ವಾಡಿಯಲ್ಲಿಯೂ ಮಳಖೇಡದ ಬಳಿಯಲ್ಲಿಯೂ ಇರುವ ದೊಡ್ಡ ಕಾರ್ಖಾನೆಗಳು ಈ ಕಲ್ಲನ್ನೇ ನಂಬಿ ಎದ್ದುವು. ಒಂದೇ ಕಲ್ಲು ಹಾಸು, ಸುಣ್ಣ, ಸಿಮೆಂಟು ಎಂಬ ಮೂರು ರೂಪಗಳಲ್ಲಿ ಗೃಹಸ್ಥನ ಮನೆಗೆ ಬರುವ ಸೀಮೆಯಿದು.

ಈ ಕಲ್ಲನ್ನು ಬಳಸಿದವರು ನಾವೇ ಮೊದಲಿಗರೇನೂ ಅಲ್ಲ. ಚಿತ್ತಾಪುರ ತಾಲ್ಲೂಕಿನಲ್ಲಿ ಸನ್ನತಿಯ ಮಗ್ಗುಲಿಗೇ ಇರುವ ಕನಗನಹಳ್ಳಿಯಲ್ಲಿ ೧೯೯೦ರ ದಶಕದಲ್ಲಿ ನಡೆದ ಉತ್ಖನನದಿಂದ ಬೌದ್ಧರ ಮಹಾಸ್ತೂಪವೊಂದು ಬೆಳಕಿಗೆ ಬಂದಿತು. ಅಶೋಕ ಚಕ್ರವರ್ತಿಯ ರೂಪವನ್ನು ಕೆತ್ತಿ ಅವನ ಹೆಸರನ್ನೂ ಬ್ರಾಹ್ಮೀ ಲಿಪಿಯಲ್ಲಿ ಬರೆದಿರುವ ಫಲಕವು ದೊರೆತುದು ಅಲ್ಲಿಯೇ. ಆ ಸ್ತೂಪದ ಫಲಕಗಳು ಸುಣ್ಣದ ಕಲ್ಲಿನವೇ. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಕಾಳಗಿಯಲ್ಲಿ ಚಾಳುಕ್ಯರ ಕಾಲದ ಶಿಲಾದೇವಾಲಯಗಳು ಇನ್ನೂ ನಿಂತಿವೆ. ಕಲಬುರಗಿಯ ಕೋಟೆಯೊಳಗೆ ೧೩೬೭ರಲ್ಲಿ ಕಟ್ಟಿದ ಜಾಮಿಯಾ ಮಸೀದಿಯು ಅಂಗಳವೇ ಇಲ್ಲದೆ, ಇಡೀ ಕಟ್ಟಡವೂ ಗುಮ್ಮಟಗಳಿಂದ ಮುಚ್ಚಲ್ಪಟ್ಟು, ಅಗಲವಾದ ಕಮಾನುಗಳಿಂದ ಬೆಳಕನ್ನು ಒಳಕ್ಕೆ ಬರಮಾಡಿಕೊಳ್ಳುತ್ತದೆ. ಇಂತಹ ರಚನೆಯು ಭಾರತದಲ್ಲಿ ಬಹು ವಿರಳ. ಬಿಸಿಲಿನ ಊರಿನಲ್ಲಿ ಸಾವಿರಾರು ಜನರು ನೆರಳಿನಲ್ಲಿ ಕೂಡುವುದು ಹೇಗೆಂಬ ಪ್ರಶ್ನೆಗೆ ಅದು ಒಳ್ಳೆಯ ಉತ್ತರವಾಗಿದೆ.

ಚಿತ್ತಾಪುರದ ಬಳಿಯ ನಾಗಾವಿಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಕಲ್ಯಾಣ ಚಾಳುಕ್ಯರ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, ೧೦೫೮ನೆಯ ಇಸವಿಯ ಶಾಸನವು ಅಲ್ಲಿದ್ದ ಘಟಿಕಾಸ್ಥಾನವನ್ನು ವರ್ಣಿಸುತ್ತದೆ. ವೇದಶಾಸ್ತ್ರಗಳನ್ನು ಓದುವ ಇನ್ನೂರಕ್ಕೂ ಮಿಕ್ಕ ವಿದ್ಯಾರ್ಥಿಗಳು, ಅವರಿಗೆ ಉಪಾಧ್ಯಾಯರು, ಪುಸ್ತಕಗಳನ್ನು ನೋಡಿಕೊಳ್ಳುವುದಕ್ಕೆ ಆರು ಮಂದಿ ಸರಸ್ವತೀ ಭಂಡಾರಿಗಳು ಇಷ್ಟೆಲ್ಲಕ್ಕೂ ಅಲ್ಲಿ ಏರ್ಪಾಡಿತ್ತು. ಇಂದಿಗೂ ಅರವತ್ತು ಕಂಬದ ಗುಡಿಯನ್ನು ಅಲ್ಲಿ ಕಾಣಬಹುದು. ಆದರೆ ಆ ಕಂಬಗಳನ್ನು ಕಡೆದು ನಿಲ್ಲಿಸಿದ ವಿದ್ಯೆಯನ್ನು ಶಿಲ್ಪಿಗಳು ಕಲಿತುದು ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ದಾಟಿದ ಪಾಠದಿಂದ. ಆ ಪಾಠಶಾಲೆಗೆ ಗೋಡೆಯೂ ಇರಲಿಲ್ಲ, ಶಾಸನವೂ ಇರಲಿಲ್ಲ. ಶಿಲ್ಪಿಯ ಹೆಸರನ್ನು ಗೌರವದಿಂದ ಉಳಿಸಿದ ಉದಾಹರಣೆಗಳು ಇಲ್ಲವೆಂದಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದನ್ನು ಕೊಟ್ಟ ಸಂಗತಿಯನ್ನು ಎಂಟನೆಯ ಶತಮಾನದ ಕನ್ನಡ ಶಾಸನವೇ ಹೇಳುತ್ತದೆ. ಓದಿನ ವಿದ್ಯೆಯೂ ಕೈಯ ವಿದ್ಯೆಯೂ ಒಂದೇ ಮಾಡಿನ ಕೆಳಗೆ ಕೂಡಿದುದು ಮಾತ್ರ ಬಹುಕಾಲದ ಮೇಲೆ.

ಭಾರತದಲ್ಲಿ ಆ ಕೂಡುವಿಕೆಗೆ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯು ನೆಲೆಯಾಯಿತು. ಅಲ್ಲಿ ೧೯೧೩ರಲ್ಲಿ ವಾಸ್ತುಶಿಲ್ಪದ ಕ್ರಮಬದ್ಧವಾದ ಪಾಠಕ್ರಮವು ಮೊದಲಾಯಿತು. ೧೯೧೭ರಲ್ಲಿ ಅಲ್ಲಿಯ ವಿದ್ಯಾರ್ಥಿಗಳು ಕಟ್ಟಿಕೊಂಡ ಸಂಘವೇ ಬೆಳೆದು ೧೯೨೯ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಎಂಬ ಹೆಸರನ್ನು ತಾಳಿತು. ೧೯೭೨ರಲ್ಲಿ ಪಾರ್ಲಿಮೆಂಟು ವಾಸ್ತುಶಿಲ್ಪಿಗಳ ಕಾಯಿದೆಯನ್ನು ಮಾಡಿದ ಮೇಲೆ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಎಂಬ ಮಂಡಲಿಯಲ್ಲಿ ಹೆಸರನ್ನು ನೋಂದಾಯಿಸಿಕೊಳ್ಳದವರು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಬೋರ್ಡನ್ನು ನೋಡಿ ಮನೆಯ ಕೆಲಸವನ್ನು ಒಪ್ಪಿಸುವ ಗೃಹಸ್ಥರು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳುವುದು ಲೇಸು.

ನಮ್ಮ ಕಲಬುರಗಿಯ ಸೀಮೆಯು ೧೯೪೮ರವರೆಗೆ ನಿಜಾಮರ ಆಳಿಕೆಯಲ್ಲಿದ್ದು, ೧೯೫೬ರ ನವೆಂಬರ್ ೧ರಂದು ಕನ್ನಡದ ರಾಜ್ಯಕ್ಕೆ ಸೇರಿತು. ಅದಾದ ಎರಡು ವರ್ಷಕ್ಕೆ, ೧೯೫೮ರಲ್ಲಿ, ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯವರು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದರು. ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರನ್ನು ಹೊತ್ತಿರುವ ಆ ಕಾಲೇಜಿನಲ್ಲಿ ವಾಸ್ತುಶಿಲ್ಪದ ಪದವಿಯ ವಿಭಾಗವೂ ಉಂಟು. ಹೀಗೆ ಕಾಳಗಿಯ ಹುಡುಗನಿಗಾಗಲಿ ಸೇಡಮಿನ ಹುಡುಗಿಗಾಗಲಿ ಈ ವಿದ್ಯೆಗಾಗಿ ಬೆಂಗಳೂರು ಮುಂಬಯಿಗಳಿಗೇ ಹೋಗಬೇಕೆಂಬ ನಿರ್ಬಂಧವಿಲ್ಲ. ಪದವಿಪೂರ್ವದಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಓದಿರಬೇಕು. ನಾಟಾ ಎಂಬ ರಾಷ್ಟ್ರೀಯ ಅಭಿರುಚಿ ಪರೀಕ್ಷೆಗೆ ಕುಳಿತಿರಬೇಕು. ಕರ್ನಾಟಕದಲ್ಲಿ ಆ ಪರೀಕ್ಷೆಯ ಅಂಕಗಳನ್ನೂ ಪದವಿಪೂರ್ವದ ಅಂಕಗಳನ್ನೂ ಸಮನಾಗಿ ಎಣಿಸಿ ಸ್ಥಾನವನ್ನು ಕೊಡುವ ಪದ್ಧತಿಯಿದೆ. ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ಸೇರಿದ ೩೭೧-ಜೆ ವಿಧಿಯ ಫಲವಾಗಿ ನಮ್ಮ ಭಾಗದ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ ೭೦ರಷ್ಟು ಸ್ಥಾನಗಳೂ ರಾಜ್ಯದ ಉಳಿದೆಡೆಗಳಲ್ಲಿ ಶೇಕಡಾ ೮ರಷ್ಟು ಸ್ಥಾನಗಳೂ ಈ ಸೀಮೆಯ ಮಕ್ಕಳಿಗೆ ಮೀಸಲು. ಇದನ್ನು ತಿಳಿಯದೆ ಕೈಬಿಡುವ ಮನೆಯವರು ಉಂಟಾದುದರಿಂದ ಇಷ್ಟನ್ನು ಬಿಡಿಸಿ ಹೇಳಬೇಕಾಯಿತು.

ಐದು ವರ್ಷಗಳಲ್ಲಿ ಕಲಿಯುವುದಾದರೂ ಏನು? ಮೊದಲ ವರ್ಷದಲ್ಲಿ ಕಣ್ಣಿಗೂ ಕೈಗೂ ಪಾಠ. ಗೆರೆಯನ್ನು ನೇರವಾಗಿ ಎಳೆಯುವುದು, ಕಂಡುದನ್ನು ಅಳತೆಗೆ ತಕ್ಕಂತೆ ಕಾಗದದ ಮೇಲಿಳಿಸುವುದು, ರಟ್ಟು ಮರಗಳಿಂದ ಮಾದರಿಗಳನ್ನು ಮಾಡುವುದು. ಆಮೇಲೆ ಕಟ್ಟಡದ ಸಾಮಗ್ರಿಗಳು, ಭಾರದ ಲೆಕ್ಕ, ದೇಶವಿದೇಶಗಳ ಕಟ್ಟಡದ ಚರಿತ್ರೆ, ಹವೆಯ ಶಾಸ್ತ್ರ, ನೀರು ಬೆಳಕು ಚರಂಡಿಗಳ ಏರ್ಪಾಡು, ವೆಚ್ಚದ ಅಂದಾಜು. ಇವೆಲ್ಲಕ್ಕೂ ಬೆನ್ನೆಲುಬಾಗಿ ವರ್ಷವರ್ಷವೂ ವಿನ್ಯಾಸದ ಅಭ್ಯಾಸವಿರುತ್ತದೆ. ಮೊದಲು ಒಂದು ಸಣ್ಣ ಮನೆ, ಆಮೇಲೆ ಶಾಲೆ, ಆಸ್ಪತ್ರೆ, ಪೇಟೆ. ಕಾರ್ಯನಿರತನಾದ ವಾಸ್ತುಶಿಲ್ಪಿಯ ಬಳಿ ಆರು ತಿಂಗಳ ಅವಧಿಯ ಉಮೇದುವಾರಿ ನಡೆಯುತ್ತದೆ. ಕಡೆಯ ವರ್ಷದಲ್ಲಿ ವಿದ್ಯಾರ್ಥಿಯು ತಾನೇ ಒಂದು ಸಮಸ್ಯೆಯನ್ನು ಆರಿಸಿಕೊಂಡು ಅದಕ್ಕೆ ಕಟ್ಟಡದ ರೂಪದಲ್ಲಿ ಉತ್ತರ ಕೊಡಬೇಕು. ಇವುಗಳ ನಡುವೆ ಹಳೆಯ ಕಟ್ಟಡವೊಂದನ್ನು ಅಂಗುಲ ಬಿಡದೆ ಅಳೆದು ನಕ್ಷೆ ಬರೆಯುವ ಅಭ್ಯಾಸವೊಂದುಂಟು. ಕಾಳಗಿಯ ಗುಡಿಯ ಒಂದು ಕಂಬವನ್ನು ಹೀಗೆ ಅಳೆದವನಿಗೆ, ಪೀಠ, ಕಂಬ, ಬೋದಿಗೆ, ತೊಲೆಗಳೆಂಬ ಬಿಡಿಗಲ್ಲುಗಳು ತಮ್ಮ ಭಾರದಿಂದಲೇ ಒಂದರ ಮೇಲೊಂದು ನೆಲೆನಿಂತಿರುವ ಬಗೆಯು ಪುಸ್ತಕವಿಲ್ಲದೆಯೇ ಮನದಟ್ಟಾಗುತ್ತದೆ.

ಹವೆಯ ಪಾಠವೊಂದನ್ನು ಮಾದರಿಗಾಗಿ ಇಲ್ಲಿ ಕೊಡುವೆವು. ನಮ್ಮ ಸೀಮೆಯು ಭೂಮಧ್ಯರೇಖೆಗೆ ಸುಮಾರು ೧೭ ಅಂಶ ಉತ್ತರಕ್ಕಿದೆ. ಆದ್ದರಿಂದ ಮೇ ತಿಂಗಳ ಹತ್ತರ ಸುಮಾರಿಗೊಮ್ಮೆ, ಆಗಸ್ಟಿನ ಮೊದಲ ವಾರದಲ್ಲಿ ಇನ್ನೊಮ್ಮೆ ಸೂರ್ಯನು ನಡುಹಗಲಿನಲ್ಲಿ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗಸ್ಟಿನಲ್ಲಿ ಮೋಡಗಳು ಅಡ್ಡವಾಗುತ್ತವೆ. ಮೇ ತಿಂಗಳಲ್ಲಿ ಅಡ್ಡಬರುವವರು ಯಾರೂ ಇಲ್ಲ. ಉಷ್ಣವು ೪೦ ಅಂಶವನ್ನು ಮೀರುವ ಆ ದಿನಗಳಲ್ಲಿ ಬಿಸಿಲಿನ ಹೊಡೆತವೆಲ್ಲ ಗೋಡೆಗಿಂತ ಮಾಳಿಗೆಗೇ ಹೆಚ್ಚು. ಹೀಗಿರಲು ನಾಲ್ಕೈದು ಅಂಗುಲದ ಬರಿಯ ಕಾಂಕ್ರೀಟು ಮಾಳಿಗೆಯು ಹಗಲೆಲ್ಲ ಕಾದು, ರಾತ್ರಿ ಮಲಗಿದವರ ಮೇಲೆ ಆ ಕಾವನ್ನು ಸುರಿಯುವುದರಲ್ಲಿ ಆಶ್ಚರ್ಯವೇನು? ದಕ್ಷಿಣದ ಕಿಟಕಿಯ ಮೇಲೆ ೨ ಅಡಿ ಚಾಚಿದ ಸಜ್ಜಾ ಇದ್ದರೆ, ಮಾರ್ಚ್ ೨೧ರ ನಡುಹಗಲಿನಲ್ಲಿ ಅದರ ನೆರಳು ಆರೂವರೆ ಅಡಿ ಕೆಳಗಿಳಿದು ಕಿಟಕಿಯನ್ನು ಪೂರ್ತಿ ಮುಚ್ಚುತ್ತದೆ. ಡಿಸೆಂಬರ್ ೨೧ರಂದು ಎರಡೂಕಾಲು ಅಡಿ ಮಾತ್ರ ಇಳಿದು, ಚಳಿಗಾಲದ ಹಿತವಾದ ಬಿಸಿಲನ್ನು ಒಳಗೆ ಬಿಡುತ್ತದೆ. ಪಶ್ಚಿಮದ ಗೋಡೆಗೆ ಈ ಉಪಾಯ ಸಾಗದು. ಸಂಜೆಯ ಸೂರ್ಯನು ತಗ್ಗಿನಲ್ಲಿರುವುದರಿಂದ ಅಲ್ಲಿ ಉಗ್ರಾಣವನ್ನೋ ಮೆಟ್ಟಿಲನ್ನೋ ಬಚ್ಚಲನ್ನೋ ಇಟ್ಟು, ಮಲಗುವ ಕೋಣೆಯನ್ನು ಪೂರ್ವಕ್ಕೆ ಸರಿಸಬೇಕು. ಇಷ್ಟಕ್ಕೆ ಒಂದು ಕಾಸೂ ಹೆಚ್ಚು ಖರ್ಚಿಲ್ಲ. ಕಾಗದದ ಮೇಲೆ ಮೊದಲೇ ಆಲೋಚಿಸಿರಬೇಕು, ಅಷ್ಟೆ.

ಹಾಗಾದರೆ ನಮ್ಮ ಹಿರಿಯರ ಮಣ್ಣಿನ ಮಾಳಿಗೆಯೇ ಮೇಲಲ್ಲವೇ, ದಪ್ಪ ಗೋಡೆಯ ಆ ಮನೆಗಳು ಎಷ್ಟು ತಂಪಾಗಿದ್ದುವು ಎಂದು ಕೆಲವರು ಕೇಳಬಹುದು. ತಂಪಿನ ಮಾತು ನಿಜ. ಆದರೆ ಪೂರ್ತಿ ನಿಜವನ್ನು ತಿಳಿಯಬೇಕಾದರೆ ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವವನ್ನು ನೆನೆಯಬೇಕು. ನಮಗೆ ಬಹು ದೂರವಲ್ಲದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿಯು ನಡುಗಿತು. ಜನರು ಮಲಗಿದ್ದ ಹೊತ್ತು. ಸಾವಿರಾರು ಮಂದಿ ಪ್ರಾಣವನ್ನು ಕಳೆದುಕೊಂಡರು. ಅವರನ್ನು ಕೊಂದುದು ಮುಖ್ಯವಾಗಿ ಅವರ ಮನೆಗಳೇ. ಮಣ್ಣಿನಲ್ಲಿ ಕೂಡಿಸಿದ ಗುಂಡುಕಲ್ಲಿನ ದಪ್ಪ ಗೋಡೆಗಳು ಹೊರಮೈ ಒಳಮೈ ಎಂದು ಎರಡಾಗಿ ಸೀಳಿಹೋದುವು. ಮೇಲಿದ್ದ ಮಣ್ಣಿನ ಮಾಳಿಗೆಯು ಕುಸಿಯಿತು. ಲೆಕ್ಕವು ಸುಲಭವಾದುದು. ಒಂದು ಘನ ಅಡಿ ಮಣ್ಣು ಸುಮಾರು ೪೫ ಕಿಲೋ ತೂಗುತ್ತದೆ. ೧೦ ಅಡಿ ಅಗಲ ೧೨ ಅಡಿ ಉದ್ದದ ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೂ ಐದು ಟನ್ನಿಗೆ ಮೀರಿದ ಭಾರವು ಮಲಗಿದವರ ನೆತ್ತಿಯ ಮೇಲೆ ತೂಗುತ್ತಿರುತ್ತದೆ. ೨೦೨೧ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ನೆಲವು ಮತ್ತೆ ಮತ್ತೆ ಕಂಪಿಸಿದಾಗ ಜನರು ಮನೆಗಳನ್ನು ಬಿಟ್ಟು ಬಯಲಿನಲ್ಲಿ ಮಲಗಿದುದನ್ನು ಈ ಕಡೆಯವರಾರೂ ಮರೆತಿರಲಾರರು.

ಹೀಗೆ ಹಳೆಯ ಮನೆಯಲ್ಲಿ ತಂಪುಂಟು, ಭಯವೂ ಉಂಟು. ಹೊಸ ಮನೆಯಲ್ಲಿ ಆ ಭಯ ಕಡಿಮೆ, ತಂಪಿಲ್ಲ. ಈ ಎರಡರ ನಡುವೆ ದಾರಿಯನ್ನು ಹುಡುಕುವುದೇ ವಾಸ್ತುಶಿಲ್ಪದ ವಿದ್ಯಾರ್ಥಿಗೆ ನಮ್ಮ ಸೀಮೆಯು ಒಡ್ಡುವ ನಿಜವಾದ ಪರೀಕ್ಷೆ. ಆ ದಾರಿಯು ಇಲ್ಲದೆಯೂ ಇಲ್ಲ. ಕಲ್ಲಿನ ಗೋಡೆಯನ್ನು ಒಂದೂವರೆ ಅಡಿಗೆ ಮೀರದಂತೆ ಒಳ್ಳೆಯ ಗಾರೆಯಲ್ಲಿ ಕಟ್ಟಿ, ಎತ್ತರದಲ್ಲಿ ಪ್ರತಿ ೨ ಅಡಿಗೂ ಅಡ್ಡಲಾಗಿ ಪ್ರತಿ ೪ ಅಡಿಗೂ ಗೋಡೆಯ ಎರಡು ಮೈಗಳನ್ನು ಹಿಡಿಯುವ ಉದ್ದಗಲ್ಲೊಂದನ್ನು ಇಟ್ಟರೆ, ಗೋಡೆಯು ಸೀಳುವುದಿಲ್ಲ. ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟಿನ ಪಟ್ಟಿಯನ್ನು ಮನೆಯ ಸುತ್ತ ಎಲ್ಲಿಯೂ ಕಡಿಯದಂತೆ ಉಡಿದಾರದ ಹಾಗೆ ಬಿಗಿದರೆ ನಾಲ್ಕು ಗೋಡೆಗಳೂ ಒಂದಾಗಿ ನಿಲ್ಲುತ್ತವೆ. ಮಾಳಿಗೆಯನ್ನು ಹಗುರವಾಗಿ ಮಾಡಿ, ಮೇಲೆ ಬಿಳಿಯ ಸುಣ್ಣವನ್ನು ಬಳಿದೋ, ಚಪ್ಪರದ ನೆರಳನ್ನು ಕೊಟ್ಟೋ ಕಾವನ್ನು ತಡೆಯಬಹುದು. ಊರಿನ ಕಲ್ಲನ್ನು ಬಲ್ಲ ಗೌಂಡಿಯ ಕೈಯೂ ಲೆಕ್ಕವನ್ನು ಬಲ್ಲ ವಿದ್ಯಾವಂತನ ಬುದ್ಧಿಯೂ ಕೂಡಿದಲ್ಲಿ ಇದು ಸಾಧ್ಯ. ಕೇರಳದಲ್ಲಿ ಲಾರಿ ಬೇಕರ್ ಎಂಬ ಮಹನೀಯರು ಊರೂರಿನ ಇಟ್ಟಿಗೆ ಸುಣ್ಣಗಳಿಂದಲೇ ಬಡವರಿಗೂ ನಿಲುಕುವ ಮನೆಗಳನ್ನು ದಶಕಗಳ ಕಾಲ ಕಟ್ಟಿ ತೋರಿಸಿ, ೨೦೦೭ರಲ್ಲಿ ತೀರಿಕೊಂಡರು. ಶಹಾಬಾದ ಕಲ್ಲಿಗೂ ಅಂತಹ ಒಬ್ಬ ಆಪ್ತನು ಬೇಕಾಗಿದ್ದಾನೆ.

ಇನ್ನು ಗೃಹಸ್ಥರ ಸಂಶಯಗಳು. ಖರ್ಚಿನ ವಿಷಯದಲ್ಲಿ ಮುಚ್ಚುಮರೆಯೇಕೆ? ಎಂಜಿನಿಯರಿಂಗಿಗಿಂತ ಒಂದು ವರ್ಷ ಹೆಚ್ಚು ಓದಿಸಬೇಕು. ಫೀಜಿನ ಜೊತೆಗೆ ಕಾಗದ, ರಟ್ಟು, ಬಣ್ಣ, ಗಣಕಯಂತ್ರ, ಊರೂರು ಸುತ್ತಿ ಕಟ್ಟಡಗಳನ್ನು ನೋಡುವ ಪ್ರವಾಸ ಇವೆಲ್ಲಕ್ಕೂ ಹಣ ಬೇಕು. ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಡಿದ ನಕ್ಷೆಯನ್ನು ಬೆಳಿಗ್ಗೆ ಉಪಾಧ್ಯಾಯರು ಹತ್ತು ಜನರ ಮುಂದೆ ವಿಮರ್ಶಿಸುವಾಗ ಕಣ್ಣೀರಿಡುವ ಮಕ್ಕಳೂ ಉಂಟು. ಪದವಿಯಾದ ಮೊದಲ ಕೆಲವು ವರ್ಷಗಳಲ್ಲಿ ಸಂಪಾದನೆಯು ಸಾಮಾನ್ಯವಾಗಿ ಅಲ್ಪವೇ. ಶೀಘ್ರದ ಹಣವನ್ನು ಬಯಸುವವರು ಈ ದಾರಿಗೆ ಬಾರದಿರುವುದೇ ಒಳ್ಳೆಯದು. ಆದರೆ ಕೈಹಿಡಿದ ಮೇಲೆ ಬಿಡದ ವಿದ್ಯೆಯಿದು. ವಯಸ್ಸಾದಂತೆ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಹೆಣ್ಣುಮಕ್ಕಳಿಗೆ ಇದು ಸಲ್ಲುವುದೇ ಎಂದು ಇಂದು ಕೇಳುವುದೇ ಅನಾವಶ್ಯಕ. ಭಾರತದ ಮೊದಲ ಮಹಿಳಾ ವಾಸ್ತುಶಿಲ್ಪಿಯೆಂದು ಎಣಿಸಲ್ಪಡುವ ಪೆರಿನ್ ಮಿಸ್ತ್ರಿಯವರು ಮುಂಬಯಿಯ ಜೆ. ಜೆ. ಶಾಲೆಯಿಂದ ೧೯೩೬ರಷ್ಟು ಹಿಂದೆಯೇ ಹೊರಬಂದರು. ಅಲ್ಲದೆ, ದಿನದ ಹೆಚ್ಚು ಹೊತ್ತನ್ನು ಮನೆಯೊಳಗೆ ಕಳೆಯುತ್ತ, ಹೊಗೆಯಾಡುವ ಅಡುಗೆಮನೆಯನ್ನೂ ನೀರು ನಿಲ್ಲುವ ಬಚ್ಚಲನ್ನೂ ಬೆಳಕಿಲ್ಲದ ಕೋಣೆಯನ್ನೂ ಅನುಭವಿಸಿದವರಿಗಿಂತ ಮನೆಯ ನಕ್ಷೆಯನ್ನು ತಿದ್ದಲು ಹೆಚ್ಚು ಯೋಗ್ಯರು ಯಾರಿದ್ದಾರೆ?

ನಮ್ಮ ಚಿಂತೆಯು ಬೇರೊಂದು. ಇಲ್ಲಿಂದ ಓದಲು ಹೋದ ಮಕ್ಕಳು ಬೆಂಗಳೂರು ಹೈದರಾಬಾದುಗಳಲ್ಲಿಯೇ ನೆಲಸುತ್ತಾರೆ. ಅಲ್ಲಿಯ ಎತ್ತರದ ಕಟ್ಟಡಗಳಿಗೆ ನಮ್ಮ ಕಲ್ಲೂ ಹೋಗುತ್ತದೆ, ನಮ್ಮ ಸಿಮೆಂಟೂ ಹೋಗುತ್ತದೆ, ನಮ್ಮ ಮಕ್ಕಳೂ ಹೋಗುತ್ತಾರೆ. ಉಳಿಯುವುದು ಅಗೆದು ಬಿಟ್ಟ ಗಣಿಯ ಗುಂಡಿಗಳು. ಚಿತ್ತಾಪುರ ತಾಲ್ಲೂಕಿನಿಂದ ಬೇರೆಯಾಗಿ ಕಾಳಗಿಯೂ ಶಹಾಬಾದವೂ ೨೦೧೮ರ ಸುಮಾರಿಗೆ ತಾವೇ ತಾಲ್ಲೂಕುಗಳಾದುವು. ಹೊಸ ತಾಲ್ಲೂಕಿಗೆ ಕಚೇರಿ ಬೇಕು, ಶಾಲೆ ಬೇಕು, ಆಸ್ಪತ್ರೆ ಬೇಕು. ಅವುಗಳನ್ನು ಈ ಬಿಸಿಲನ್ನು ಅರಿಯದ ಎಲ್ಲಿಯದೋ ಅಚ್ಚಿನ ನಕ್ಷೆಯಿಂದ ಎತ್ತಿ ನಿಲ್ಲಿಸುವುದೋ, ಇಲ್ಲಿಯ ಕಲ್ಲಿನಿಂದ, ಇಲ್ಲಿಯ ಗೌಂಡಿಗಳ ಕೈಯಿಂದ, ಇಲ್ಲಿ ಹುಟ್ಟಿ ಓದಿಬಂದ ಮಕ್ಕಳ ಆಲೋಚನೆಯಿಂದ ಕಟ್ಟುವುದೋ ಎಂಬುದು ಮುಂದಿನ ನೂರು ವರ್ಷ ಆ ಕಟ್ಟಡಗಳಲ್ಲಿ ಕೂರುವ ಜನರ ಸುಖದುಃಖದ ಪ್ರಶ್ನೆ.

ಆದುದರಿಂದ, ಮಗನೋ ಮಗಳೋ ಈ ವಿದ್ಯೆಯನ್ನು ಬಯಸಿದರೆ ಅರ್ಜಿಯನ್ನು ತುಂಬುವ ಮೊದಲು ಮನೆಯಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಿರಿ. ಅಳತೆಯ ಪಟ್ಟಿಯೊಂದನ್ನು ಕೈಗೆ ಕೊಟ್ಟು, ನೀವಿರುವ ಮನೆಯನ್ನೇ ಅಳೆದು ನಕ್ಷೆ ಬರೆಯಲು ಹೇಳಿರಿ. ಯಾವ ಹೊತ್ತಿಗೆ ಯಾವ ಕೋಣೆಗೆ ಬಿಸಿಲು ಬರುವುದೆಂದು ಒಂದು ವಾರ ಗುರುತು ಹಾಕಲಿ. ಊರಿನ ಹಿರಿಯ ಗೌಂಡಿಯ ಜೊತೆಗೆ ಎರಡು ದಿನ ಕೆಲಸದ ಜಾಗದಲ್ಲಿ ನಿಂತು, ಕಲ್ಲು ಹೇಗೆ ಕೂಡುತ್ತದೆಂದು ನೋಡಲಿ. ಆಮೇಲೆ ಅಜ್ಜಿಯನ್ನು ಕೇಳಲಿ, ಈ ಮನೆಯಲ್ಲಿ ನಿನಗೆ ಯಾವುದು ತೊಂದರೆ ಎಂದು. ಅಜ್ಜಿಯು ಹೊಸ್ತಿಲಿನ ಎತ್ತರವನ್ನೋ ಬಚ್ಚಲಿನ ಜಾರಿಕೆಯನ್ನೋ ಹೇಳಿದಾಗ, ಮಗುವು ಅದನ್ನು ಕೇಳಿ ಸುಮ್ಮನಾಗದೆ ನಕ್ಷೆಯ ಮುಂದೆ ಕುಳಿತು ಪೆನ್ಸಿಲನ್ನು ಕೈಗೆತ್ತಿಕೊಂಡರೆ, ನೀವು ಧೈರ್ಯವಾಗಿ ಕಾಲೇಜಿಗೆ ಕಳುಹಿಸಬಹುದು.